ಮಲ್ಪೆಯ ಡಾಲ್ಫಿನ್ ಎಲ್ಲಿಂದ ಬರುತ್ತದೆ?

ಮಳೆಗಾಲ ಮುಗಿದು ಸೇಂಟ್ ಮೇರೀಸ್ ದ್ವೀಪದ ಬೋಟುಗಳು ಓಡಲು ಶುರುವಾದರೆ ಸಾಕು, ವಾಟ್ಸಾಪಿನಲ್ಲಿ ವಿಡಿಯೋಗಳೂ ಓಡಲು ಶುರು. ಬೋಟಿನಾಚೆ ಬೂದು ಬಣ್ಣದ ಬೆನ್ನೊಂದು ಮೇಲೆ ಬರುತ್ತದೆ. ಯಾರೋ ತುಳುವಿನಲ್ಲಿ ‘ತೂಲೆ ತೂಲೆ’ (ನೋಡಿ ನೋಡಿ) ಅಂತ ಕೂಗುತ್ತಾರೆ, ಫೋನ್ ಅಲುಗಾಡುತ್ತದೆ, ಅಷ್ಟರಲ್ಲಿ ಬೆನ್ನು ಮಾಯ. ವಿಡಿಯೋ ಕೆಳಗೆ ‘ಮಲ್ಪೆಗೆ ಡಾಲ್ಫಿನ್ ಬಂದಿದೆ’ ಅಂತ ಬರೆದಿರುತ್ತದೆ. ಮಳೆಗಾಲದ ಸುದ್ದಿಯೇ ಬೇರೆ. ಪಣಂಬೂರಿನಲ್ಲೋ, ಸಸಿಹಿತ್ಲಿನಲ್ಲೋ, ಕುಂದಾಪುರದ ಕೋಡಿಯಲ್ಲೋ ಸತ್ತ ಡಾಲ್ಫಿನ್ ದಡಕ್ಕೆ ಬಿದ್ದಿದೆ ಅಂತ.

ಎರಡೂ ಸಲ ಜನ ಕೇಳುವ ಪ್ರಶ್ನೆ ಒಂದೇ: ಇದು ಎಲ್ಲಿಂದ ಬಂತು? ದೂರದ ಯಾವುದೋ ಆಳ ಕಡಲಿನಿಂದ ದಾರಿ ತಪ್ಪಿ ಬಂದಿರಬೇಕು ಅನ್ನುವುದು ಸಾಮಾನ್ಯ ಊಹೆ. ದಡದ ಹತ್ತಿರ ಕಾಣುವ ಡಾಲ್ಫಿನ್‌ಗಳ ಮಟ್ಟಿಗೆ ಈ ಊಹೆ ಹೆಚ್ಚಾಗಿ ತಪ್ಪು. ಅವು ಎಲ್ಲಿಂದಲೂ ಬಂದದ್ದಲ್ಲ, ಇಲ್ಲಿಯವೇ. ಹುಟ್ಟುವುದು, ಬೇಟೆಯಾಡುವುದು, ಮರಿ ಸಾಕುವುದು, ಸಾಯುವುದು ಎಲ್ಲ ದಡಕ್ಕೆ ಅಂಟಿಕೊಂಡಿರುವ ಸಣ್ಣದೊಂದು ಪಟ್ಟಿ ನೀರಿನಲ್ಲೇ. ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಅವು ಎಲ್ಲಿ ಕಾಣುತ್ತವೆ, ಯಾವಾಗ ಕಾಣುವುದಿಲ್ಲ, ಯಾಕೆ ಬಲೆಗೆ ಬೀಳುತ್ತವೆ ಅನ್ನುವುದಕ್ಕೆಲ್ಲ ಉತ್ತರ ಒಂದರ ಹಿಂದೆ ಒಂದು ಸಿಗುತ್ತದೆ.

ಮೊದಲಿಗೆ, ಇದು ಮೀನಲ್ಲ

ಶಾಲೆಯಲ್ಲಿ ಓದಿದ ವಿಷಯವೇ. ಆದರೂ ಮುಂದಿನ ಮಾತಿಗೆ ಬೇಕು. ಡಾಲ್ಫಿನ್‌ಗೆ ಕಿವಿರು ಇಲ್ಲ, ಶ್ವಾಸಕೋಶ ಇದೆ. ನೆತ್ತಿಯ ಮೇಲಿರುವ ಒಂದು ತೂತಿನಿಂದ ಉಸಿರಾಡುತ್ತದೆ. ನೀರಿಗೆ ಇಳಿಯುವಾಗ ಆ ತೂತು ಮುಚ್ಚಿಕೊಳ್ಳುತ್ತದೆ, ಮೇಲೆ ಬಂದಾಗ ‘ಫುಸ್’ ಅಂತ ತೆರೆದುಕೊಳ್ಳುತ್ತದೆ. ಕಡಲು ಶಾಂತವಾಗಿದ್ದು ಎಂಜಿನ್ ಬಂದ್ ಆಗಿದ್ದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುವುದು ಈ ಸದ್ದೇ. ದೇಹ ಬಿಸಿ ರಕ್ತದ್ದು. ಮರಿ ಹಾಕಿ ಹಾಲು ಕೊಡುತ್ತದೆ. ಬಾಲವೂ ಮೀನಿನಂತೆ ನೆಟ್ಟಗೆ ನಿಂತಿರುವುದಿಲ್ಲ, ಅಡ್ಡಕ್ಕೆ ಚಪ್ಪಟೆ. ಮೀನು ಬಾಲವನ್ನು ಎಡಕ್ಕೆ ಬಲಕ್ಕೆ ಬೀಸಿದರೆ ಡಾಲ್ಫಿನ್ ಮೇಲಕ್ಕೆ ಕೆಳಕ್ಕೆ ಬೀಸುತ್ತದೆ.

ನಾವು ಉಸಿರಾಡುವುದನ್ನು ಮರೆತರೂ ಮೈ ತಾನಾಗಿ ಉಸಿರಾಡುತ್ತದೆ. ಡಾಲ್ಫಿನ್‌ಗೆ ಆ ಅನುಕೂಲ ಇಲ್ಲ. ಪ್ರತಿ ಉಸಿರನ್ನೂ ಅದು ಗಮನವಿಟ್ಟು ತೆಗೆದುಕೊಳ್ಳಬೇಕು. ಹಾಗಾಗಿ ಪೂರ್ತಿ ನಿದ್ದೆ ಹೋಗುವಂತಿಲ್ಲ. ಮಿದುಳಿನ ಅರ್ಧ ಭಾಗ ಮಲಗಿದರೆ ಇನ್ನರ್ಧ ಎಚ್ಚರವಿದ್ದು ಮೇಲೆ ಬಂದು ಉಸಿರು ಎಳೆಯುವ ಕೆಲಸ ನೋಡಿಕೊಳ್ಳುತ್ತದೆ. ಆಮೇಲೆ ಸರದಿ ಬದಲಾಗುತ್ತದೆ.

ನಮ್ಮ ಕಡಲಲ್ಲಿ ಯಾವ್ಯಾವುದಿದೆ

ಡಾಲ್ಫಿನ್ ಅಂದರೆ ಒಂದೇ ಪ್ರಾಣಿ ಅಲ್ಲ. ಮಂಗಳೂರು–ಉಡುಪಿ ದಡದ ಹತ್ತಿರ ಕಾಣುವವುಗಳಲ್ಲಿ ಎರಡನ್ನು ಮುಖ್ಯವಾಗಿ ತಿಳಿದುಕೊಳ್ಳಬೇಕು.

ಒಂದು, ಹಂಪ್‌ಬ್ಯಾಕ್ ಡಾಲ್ಫಿನ್. ಅಂದರೆ ಗೂನು ಬೆನ್ನಿನ ಡಾಲ್ಫಿನ್. ಬೆನ್ನ ಮಧ್ಯದಲ್ಲಿ ಉದ್ದಕ್ಕೆ ಉಬ್ಬಿದ ದಿಬ್ಬ, ಅದರ ತುದಿಯಲ್ಲಿ ಸಣ್ಣದೊಂದು ರೆಕ್ಕೆ. ಸೀಸದ ಬಣ್ಣದ ಮೈ, ಉದ್ದ ಮೂತಿ. ದೊಡ್ಡದಾದರೆ ಎರಡೂವರೆ ಮೀಟರ್ ದಾಟುತ್ತದೆ. ಇದು ನೀರಿನಿಂದ ಏಳುವ ರೀತಿಯನ್ನು ಒಮ್ಮೆ ಗಮನಿಸಿದರೆ ಮತ್ತೆ ಗುರುತು ತಪ್ಪುವುದಿಲ್ಲ. ಮೊದಲು ಮೂತಿ ಓರೆಯಾಗಿ ಮೇಲೆ ಬರುತ್ತದೆ, ಹಿಂದೆಯೇ ತಲೆ. ಆಮೇಲೆ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸುತ್ತದೆ, ಗೂನು ಎದ್ದು ಕಾಣುತ್ತದೆ. ಆಳಕ್ಕೆ ಇಳಿಯುವುದಾದರೆ ಕೊನೆಗೆ ಬಾಲವನ್ನೂ ಎತ್ತುತ್ತದೆ. ಎಲ್ಲವೂ ನಿಧಾನ. ಬೋಟಿನ ಮುಂದೆ ಓಟಕ್ಕೆ ನಿಲ್ಲುವ ಸ್ವಭಾವ ಇದಕ್ಕಿಲ್ಲ. ದಕ್ಷಿಣ ಆಫ್ರಿಕಾದಿಂದ ಹಿಡಿದು ಅರಬ್ ದೇಶಗಳ ದಡ ಬಳಸಿಕೊಂಡು ಭಾರತದ ಪಶ್ಚಿಮ ಕರಾವಳಿಯವರೆಗೆ ಇದರ ನೆಲೆ. ಹಿಂದೆ ಇದನ್ನೂ ಚೀನಾ ಕಡೆಯ ಬಿಳಿ–ಗುಲಾಬಿ ಡಾಲ್ಫಿನ್ ಅನ್ನೂ ಒಂದೇ ಜಾತಿ ಅಂತ ಎಣಿಸುತ್ತಿದ್ದರು. 2014ರಲ್ಲಿ ಬೇರೆ ಮಾಡಿದರು. ಹೀಗೆ ಬೇರೆಯಾದ ಮೇಲೆ ನಮ್ಮ ಕಡೆಯದ್ದರ ಪರಿಸ್ಥಿತಿ ಅಷ್ಟೇನೂ ಚೆನ್ನಾಗಿಲ್ಲ ಅನ್ನುವುದು ಸ್ಪಷ್ಟವಾಯಿತು. ಐಯುಸಿಎನ್, ಅಂದರೆ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದೀಗ ಅಳಿವಿನ ಅಂಚಿನ ವರ್ಗದಲ್ಲಿದೆ.

ಎರಡನೆಯದು ಫಿನ್‌ಲೆಸ್ ಪಾರ್ಪಾಯಿಸ್. ಕಡಲ ಹಂದಿ ಅಂತ ಕರೆಯುವುದೂ ಉಂಟು. ಕಟ್ಟುನಿಟ್ಟಾಗಿ ಹೇಳಿದರೆ ಇದು ಡಾಲ್ಫಿನ್ ಅಲ್ಲ, ಹತ್ತಿರದ ನೆಂಟ. ಒಂದೂವರೆ ಮೀಟರ್ ಆಸುಪಾಸಿನ ಕಪ್ಪು–ಬೂದು ಪ್ರಾಣಿ. ಮೂತಿ ಇಲ್ಲ, ದುಂಡು ತಲೆ. ಬೆನ್ನ ಮೇಲೆ ರೆಕ್ಕೆಯೂ ಇಲ್ಲ. ಹಾರುವುದಿಲ್ಲ, ಆಟವಾಡುವುದಿಲ್ಲ, ಬೋಟಿನ ಸದ್ದು ಕೇಳಿದರೆ ದೂರ ಸರಿಯುತ್ತದೆ. ಅದಕ್ಕೇ ಕರಾವಳಿಯಲ್ಲೇ ಹುಟ್ಟಿ ಬೆಳೆದ ಎಷ್ಟೋ ಮಂದಿ ಇದನ್ನು ಜೀವಂತವಾಗಿ ನೋಡಿರುವುದಿಲ್ಲ. ದಡಕ್ಕೆ ಬಿದ್ದಾಗ ‘ಇದ್ಯಾವ ಮೀನು’ ಅಂತ ಫೋಟೋ ಹಾಕುತ್ತಾರೆ.

ಇನ್ನು ಉಳಿದವು. ಬಾಟಲ್‌ನೋಸ್ ಡಾಲ್ಫಿನ್‌ಗೆ ಕತ್ತಿಯ ಹಾಗೆ ಬಾಗಿದ ಎತ್ತರದ ರೆಕ್ಕೆ, ಗಿಡ್ಡ ಮೂತಿ. ಇದೂ ದಡದ ಕಡೆ ಬರುತ್ತದೆ. ಗಾಳಿಗೆ ಹಾರಿ ಬುಗುರಿಯಂತೆ ಸುತ್ತುವುದು ಸ್ಪಿನ್ನರ್ ಡಾಲ್ಫಿನ್. ಅದು ಆಳ ನೀರಿನದು, ದೊಡ್ಡ ದೊಡ್ಡ ಹಿಂಡಿನಲ್ಲಿ ಇರುತ್ತದೆ. ಆಳಸಮುದ್ರದ ಬೋಟಿನವರಿಗೆ ಪರಿಚಯ ಜಾಸ್ತಿ. ನಿಮ್ಮ ಫೋನಿಗೆ ಬಂದ ವಿಡಿಯೋದಲ್ಲಿ ಡಾಲ್ಫಿನ್ ಮೂರ್ನಾಲ್ಕು ಸುತ್ತು ತಿರುಗಿ ಬೀಳುತ್ತಿದ್ದರೆ ಅದು ಬೀಚಿನ ಪಕ್ಕದ್ದಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಅಗಲ ಕಮ್ಮಿ, ಉದ್ದ ಜಾಸ್ತಿ

ಹಂಪ್‌ಬ್ಯಾಕ್ ಡಾಲ್ಫಿನ್‌ಗೆ ಬೇಕಾದ ನೀರಿನ ಆಳ ಇಪ್ಪತ್ತು–ಇಪ್ಪತ್ತೈದು ಮೀಟರಿಗಿಂತ ಕಮ್ಮಿ. ಹೆಚ್ಚಿನ ಸಲ ಹತ್ತು ಮೀಟರಿನ ಒಳಗೇ ಇರುತ್ತದೆ. ಎಷ್ಟೋ ಬಾರಿ ದಡದಿಂದ ಒಂದೆರಡು ಕಿಲೋಮೀಟರ್ ಒಳಗೆ ಕಾಣುತ್ತದೆ.

ನಮ್ಮ ಕಡಲಿನ ತಳ ಎಷ್ಟು ಮೆಲ್ಲಗೆ ಇಳಿಯುತ್ತದೆ ಅನ್ನುವುದಕ್ಕೆ ಪಣಂಬೂರಿನಲ್ಲೇ ಸಾಕ್ಷಿ ಇದೆ. ನವಮಂಗಳೂರು ಬಂದರಿಗೆ ದೊಡ್ಡ ಹಡಗು ಒಳಗೆ ಬರಬೇಕಾದರೆ ಕಡಲ ತಳದಲ್ಲಿ ಸುಮಾರು 7.5 ಕಿ.ಮೀ. ಉದ್ದದ ಕಾಲುವೆ ಅಗೆದು ಇಡಬೇಕಾಗುತ್ತದೆ. ಅಷ್ಟು ದೂರ ಹೋಗುವವರೆಗೆ ಹಡಗಿಗೆ ಬೇಕಾದ ಹದಿನೈದು ಮೀಟರ್ ಆಳ ತಾನಾಗಿ ಸಿಗುವುದಿಲ್ಲ. ಹಡಗಿಗೆ ತೊಂದರೆ ಕೊಡುವ ಈ ಕಮ್ಮಿ ಆಳವೇ ಹಂಪ್‌ಬ್ಯಾಕ್‌ಗೆ ಮನೆ.

ಹೀಗಾಗಿ ಇವುಗಳ ಓಡಾಟ ಪೂರ್ವ–ಪಶ್ಚಿಮಕ್ಕೆ ಕಮ್ಮಿ, ಉತ್ತರ–ದಕ್ಷಿಣಕ್ಕೆ ಜಾಸ್ತಿ. ಮಂಗಳೂರು–ಕುಂದಾಪುರ ಸರ್ವಿಸ್ ಬಸ್ಸನ್ನು ನೆನಪಿಸಿಕೊಳ್ಳಿ. ಒಂದೇ ರಸ್ತೆಯಲ್ಲಿ ಹೋಗುತ್ತದೆ, ಅದರಲ್ಲೇ ವಾಪಸ್ ಬರುತ್ತದೆ, ಜನ ಇದ್ದ ಕಡೆ ನಿಲ್ಲುತ್ತದೆ, ಇಲ್ಲದ ಕಡೆ ಸುಮ್ನೆ ದಾಟಿ ಹೋಗುತ್ತದೆ. ಹಂಪ್‌ಬ್ಯಾಕ್‌ನ ದಿನಚರಿ ಹೆಚ್ಚುಕಮ್ಮಿ ಹೀಗೇ. ಸ್ಟಾಪುಗಳೆಂದರೆ ನದಿ ಕಡಲು ಸೇರುವ ಅಳಿವೆಗಳು, ನೀರೊಳಗಿನ ಬಂಡೆಗಳು, ದ್ವೀಪದ ಬುಡ. ಮಲ್ಪೆಯಿಂದ ಸೇಂಟ್ ಮೇರೀಸ್‌ಗೆ ಹೋಗುವ ದಾರಿಯಲ್ಲಿ ಡಾಲ್ಫಿನ್ ಕಾಣುವುದಕ್ಕೆ ಇದೇ ಕಾರಣ. ಒಂದು ಕಡೆ ಉದ್ಯಾವರ ಹೊಳೆ ಕಡಲು ಸೇರುವ ಜಾಗ, ಇನ್ನೊಂದು ಕಡೆ ಮೀನಿಗೆ ಆಸರೆ ಕೊಡುವ ಕಪ್ಪು ಬಂಡೆಗಳ ದ್ವೀಪಗಳು, ನಡುವೆ ಕಮ್ಮಿ ಆಳದ ನೀರು. ಅದಕ್ಕೆ ಬೇಕಾದ್ದೆಲ್ಲ ಒಂದೇ ಕಡೆ ಸಿಕ್ಕಿದಂತಾಯಿತು ಅಲ್ವಾ?

ಒಂದೊಂದು ಡಾಲ್ಫಿನ್ ಎಷ್ಟು ದೂರ ಹೋಗುತ್ತದೆ ಅನ್ನುವುದನ್ನು ಕಂಡುಹಿಡಿಯುವುದು ಬೆನ್ನಿನ ರೆಕ್ಕೆ ನೋಡಿ. ವಯಸ್ಸಾದ ಹಾಗೆ ರೆಕ್ಕೆಯ ಅಂಚಿನಲ್ಲಿ ಕಚ್ಚುಗಳು, ಸೀಳುಗಳು, ಗಾಯದ ಕಲೆಗಳು ಬೀಳುತ್ತವೆ. ಎರಡು ಡಾಲ್ಫಿನ್‌ಗಳ ಗುರುತು ಒಂದೇ ಥರ ಇರುವುದಿಲ್ಲ. ಅದರ ಫೋಟೋ ತೆಗೆದು, ಹಳೆಯ ಫೋಟೋಗಳ ಜೊತೆ ಹೋಲಿಸಿ, ಇದೇ ಪ್ರಾಣಿ ಹೋದ ವರ್ಷ ಎಲ್ಲಿತ್ತು ಅಂತ ಪತ್ತೆ ಹಚ್ಚುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಹೀಗೆ ನೋಡಿದಾಗ ಕೆಲವು ಹಂಪ್‌ಬ್ಯಾಕ್‌ಗಳು ದಡದ ಗುಂಟ ನೂರು ಕಿಲೋಮೀಟರಿಗೂ ದೂರ ಹೋಗಿದ್ದು ಗೊತ್ತಾಯಿತು. ಇನ್ನು ಕೆಲವು ಅದೇ ಕೊಲ್ಲಿಗೆ ವರ್ಷ ವರ್ಷವೂ ಮರಳುತ್ತಿದ್ದವು. ಆದರೆ ನೂರು ಕಿಲೋಮೀಟರ್ ಹೋದದ್ದೂ ದಡ ಬಿಟ್ಟು ಹೋಗಲಿಲ್ಲ.

ಗುಂಪು ಸಾಮಾನ್ಯವಾಗಿ ಸಣ್ಣದು. ಎರಡರಿಂದ ಹತ್ತರವರೆಗೆ ಇದ್ದರೆ ಹೆಚ್ಚು. ಆ ಗುಂಪೂ ಖಾಯಂ ಅಲ್ಲ. ಬೆಳಿಗ್ಗೆ ಜೊತೆಗಿದ್ದವು ಸಂಜೆಗೆ ಬೇರೆಯವುಗಳ ಜೊತೆ ಇರಬಹುದು. ತಾಯಿ–ಮರಿ ಜೋಡಿ ಮಾತ್ರ ಬಿಡುವುದಿಲ್ಲ.

ಅಳಿವೆ ಬಾಗಿಲಲ್ಲಿ ಏನಿದೆ?

ನೇತ್ರಾವತಿ ಮತ್ತು ಫಲ್ಗುಣಿ ಸೇರಿ ಕಡಲಿಗೆ ಬೀಳುವುದು ಉಳ್ಳಾಲ ಮತ್ತು ಬೆಂಗ್ರೆಯ ನಡುವೆ. ಶಾಂಭವಿ–ನಂದಿನಿ ಸೇರುವುದು ಮೂಲ್ಕಿ–ಸಸಿಹಿತ್ಲು ಹತ್ತಿರ. ಸೀತಾ–ಸ್ವರ್ಣಾ ಸೇರುವುದು ಕೋಡಿಬೆಂಗ್ರೆಯಲ್ಲಿ. ಗಂಗೊಳ್ಳಿಯಲ್ಲಂತೂ ಐದು ನದಿಗಳ ನೀರು ಒಟ್ಟಿಗೆ ಬರುತ್ತದೆ. ಮಂಗಳೂರಿನಿಂದ ಗಂಗೊಳ್ಳಿವರೆಗೆ ಹೀಗೆ ಅಳಿವೆಯ ಮೇಲೆ ಅಳಿವೆ. ಡಾಲ್ಫಿನ್‌ಗೆ ಇಲ್ಲೇನು ಕೆಲಸ?

ನದಿ ತರುವ ಮಣ್ಣು, ಕೊಳೆತ ಎಲೆ, ಪೋಷಕಾಂಶ ಎಲ್ಲ ಅಳಿವೆಯಲ್ಲಿ ಸೇರುತ್ತದೆ. ಅದನ್ನು ತಿನ್ನಲು ಸೂಕ್ಷ್ಮಜೀವಿಗಳು, ಅವನ್ನು ತಿನ್ನಲು ಸಣ್ಣ ಮೀನು ಮತ್ತು ಸಿಗಡಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ಎಷ್ಟೋ ಜಾತಿಯ ಮೀನಿನ ಮರಿಗಳು ಬೆಳೆಯುತ್ತವೆ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಹುಣ್ಣಿಮೆ, ಅಮಾವಾಸ್ಯೆಗೆ ನಮ್ಮಲ್ಲಿ ನೀರು ಏರಿಳಿಯುವುದು ಒಂದೂವರೆ ಮೀಟರ್ ಆಸುಪಾಸು. ಗುಜರಾತಿನ ಕೊಲ್ಲಿಗಳಿಗೆ ಹೋಲಿಸಿದರೆ ಇದು ಏನೂ ಅಲ್ಲ. ಆದರೆ ಕಿರಿದಾದ ಅಳಿವೆ ಬಾಯಿಯಲ್ಲಿ ಅಷ್ಟು ನೀರು ನುಗ್ಗುವಾಗ ಸೆಳೆತ ಜೋರಾಗುತ್ತದೆ. ಆ ಸೆಳೆತದ ಜೊತೆ ಮೀನೂ ಒಳಗೆ ಹೊರಗೆ ಹೋಗಬೇಕು. ಎಲ್ಲ ಕಡೆ ಹರಡಿಕೊಂಡಿದ್ದ ಮೀನು ಈಗ ಒಂದೇ ಬಾಗಿಲಿನಿಂದ ದಾಟಬೇಕು. ಕಾಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಅಳಿವೆಯಲ್ಲಿ ಬೀಸುಬಲೆ ಹಿಡಿದು ನೀರು ತಿರುಗುವ ಹೊತ್ತಿಗೇ ಬಂದು ನಿಲ್ಲುವವರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ.

ತಿನ್ನುವುದರಲ್ಲಿ ಹಂಪ್‌ಬ್ಯಾಕ್‌ಗೆ ಅಷ್ಟೇನೂ ಹಠವಿಲ್ಲ. ಕಲ್ಲೂರು, ಬೂತಾಯಿ, ಅಳಿವೆಯಲ್ಲಿ ಗುಂಪಾಗಿ ಓಡಾಡುವ ಮೀನುಗಳು, ಯಾವುದು ಸಿಕ್ಕಿದರೂ ಸರಿ. ಫಿನ್‌ಲೆಸ್ ಪಾರ್ಪಾಯಿಸ್ ಸಣ್ಣ ಮೀನಿನ ಜೊತೆ ಸಿಗಡಿ, ಬೊಂಡಾಸ್ (ಸ್ಕ್ವಿಡ್) ಕೂಡ ತಿನ್ನುತ್ತದೆ. ನಾವು ಮಾರ್ಕೆಟಿನಲ್ಲಿ ಚೌಕಾಸಿ ಮಾಡಿ ತರುವ ಮೀನೇ ಅವುಗಳ ಊಟ ಅನ್ನುವುದನ್ನು ಗಮನಿಸಿ. ಮುಂದೆ ಬರುವ ಎಲ್ಲ ತಕರಾರಿನ ಬೇರು ಇಲ್ಲಿದೆ.

ಮಳೆಗಾಲದಲ್ಲಿ ಯಾಕೆ ಕಾಣುವುದಿಲ್ಲ?

ಕಾಣುವುದಿಲ್ಲ ಅಂದರೆ ಇಲ್ಲ ಅಂತ ಅರ್ಥವಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಪ್ರವಾಸಿ ಬೋಟುಗಳೂ ನಿಂತಿರುತ್ತವೆ. ಆಳೆತ್ತರದ ಅಲೆಗಳ ನಡುವೆ ಒಂದು ಅಡಿ ಮೇಲೆ ಬಂದು ಹೋಗುವ ರೆಕ್ಕೆ ಕಾಣಿಸಬೇಕೆಂದರೆ ಹೇಗೆ? ನೋಡುವ ಕಣ್ಣೂ ಕಮ್ಮಿ, ನೋಡುವ ಅವಕಾಶವೂ ಕಮ್ಮಿ. ಅಕ್ಟೋಬರ್ ನಂತರ ಕಡಲು ಶಾಂತವಾಗುತ್ತದೆ. ಬೆಳಗಿನ ಹೊತ್ತು ಗಾಳಿ ಇಲ್ಲದಾಗ ನೀರು ಎಣ್ಣೆ ಹಚ್ಚಿದ ಹಾಗೆ ನುಣ್ಣಗಿರುತ್ತದೆ. ಆಗ ದೂರದ ರೆಕ್ಕೆಯೂ ಕಣ್ಣಿಗೆ ಬೀಳುತ್ತದೆ. ‘ಡಾಲ್ಫಿನ್ ಸೀಸನ್’ ಅನ್ನುವುದು ಬಹುಮಟ್ಟಿಗೆ ನೋಡುವವರ ಸೀಸನ್.

ಹಾಗಂತ ಮಳೆಗಾಲದಲ್ಲಿ ಕಡಲೊಳಗೆ ಏನೂ ಬದಲಾಗುವುದಿಲ್ಲ ಅಂತಲ್ಲ, ದೊಡ್ಡ ಬದಲಾವಣೆಯೇ ಆಗುತ್ತದೆ. ಮುಂಗಾರು ಗಾಳಿಯ ಒತ್ತಡಕ್ಕೆ ಕರಾವಳಿಯ ಮೇಲ್ಪದರದ ನೀರು ದಡ ಬಿಟ್ಟು ಆಚೆ ಸರಿಯುತ್ತದೆ. ಆ ಜಾಗ ತುಂಬಲು ಕೆಳಗಿನ ತಣ್ಣನೆಯ ನೀರು ಮೇಲೆ ಬರುತ್ತದೆ. ಅದರಲ್ಲಿ ಪೋಷಕಾಂಶ ತುಂಬಿರುತ್ತದೆ. ಬಿಸಿಲು ಸಿಕ್ಕಿದ ಕೂಡಲೇ ಪ್ಲಾಂಕ್ಟನ್ ಅನ್ನುವ ಕಣ್ಣಿಗೆ ಕಾಣದ ಸಸ್ಯಗಳು ಕೋಟಿಗಟ್ಟಲೆ ಬೆಳೆಯುತ್ತವೆ. ಬೂತಾಯಿಗೆ ಹಬ್ಬ. ಅದೇ ಹೊತ್ತಿಗೆ ಆ ತಣ್ಣನೆಯ ನೀರಿನಲ್ಲಿ ಆಮ್ಲಜನಕ ಕಮ್ಮಿ ಇರುವುದರಿಂದ ತಳದಲ್ಲಿದ್ದ ಮೀನು, ಸಿಗಡಿ ಉಸಿರು ಕಟ್ಟಿ ಮೇಲಕ್ಕೆ, ದಡದ ಕಡೆಗೆ ಬರುತ್ತವೆ. ತೂಫಾನ್ ಎದ್ದು ಕಡಲು ಕಲಕಿದ ಮೇಲೆಯೇ ನಾಡದೋಣಿಗೆ ಮೀನು ಅಂತ ಮೀನುಗಾರರು ಕಾಯುವುದು ಸುಮ್ನೆ ಅಲ್ಲ.

ಇಷ್ಟೆಲ್ಲ ಊಟ ದಡದ ಕಡೆ ಬರುವಾಗ ದಡದ ಪ್ರಾಣಿ ಬೇರೆ ಕಡೆ ಹೋಗಲು ಕಾರಣ ಇಲ್ಲ. ಕೆಸರು ನೀರು, ಅರ್ಧ ಉಪ್ಪಿನ ನೀರು ಎರಡನ್ನೂ ಹಂಪ್‌ಬ್ಯಾಕ್ ತಡೆದುಕೊಳ್ಳುತ್ತದೆ. ನದಿಯ ಸಿಹಿನೀರು ಹಗುರ ಇರುವುದರಿಂದ ಮೇಲೆ ತೇಲುತ್ತದೆ, ಕೆಳಗೆ ಉಪ್ಪುನೀರು ಇದ್ದೇ ಇರುತ್ತದೆ.

ರಾಡಿ ನೀರಿನಲ್ಲಿ ಬೇಟೆ ಹೇಗೆ?

ಕೈ ಚಾಚಿದರೆ ಬೆರಳು ಕಾಣದಂಥ ನೀರಿನಲ್ಲಿ ಕಣ್ಣಿನಿಂದ ಏನೂ ಆಗುವುದಿಲ್ಲ. ಡಾಲ್ಫಿನ್ ಕಿವಿಯಿಂದ ನೋಡುತ್ತದೆ. ಮೂಗಿನ ಹಾದಿಯೊಳಗೆ ಟಿಕ್ ಟಿಕ್ ಅಂತ ಸದ್ದು ಹುಟ್ಟಿಸುತ್ತದೆ. ಹಣೆಯಲ್ಲಿರುವ ಕೊಬ್ಬಿನ ಗಡ್ಡೆ ಆ ಸದ್ದನ್ನು ಒಟ್ಟುಗೂಡಿಸಿ ಮುಂದಕ್ಕೆ ಬಿಡುತ್ತದೆ. ಎದುರಿಗೆ ಮೀನಿದ್ದರೆ ಸದ್ದು ಬಡಿದು ವಾಪಸ್ ಬರುತ್ತದೆ. ಅದನ್ನು ಹಿಡಿಯುವುದು ಮುಖ್ಯವಾಗಿ ಕೆಳದವಡೆ. ದವಡೆಯೊಳಗಿನ ಕೊಬ್ಬು ಸದ್ದನ್ನು ಒಳಗಿವಿಗೆ ಮುಟ್ಟಿಸುತ್ತದೆ.

ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. 75 ಮೀಟರ್ ದೂರದ ಮೀನಿಗೆ ಬಡಿದ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮರಳಿರುತ್ತದೆ. ಮೀನು ಹತ್ತಿರವಾದಂತೆ ಟಿಕ್ ಟಿಕ್ ವೇಗ ಏರುತ್ತದೆ. ಕೊನೆಗೆ ಒಂದೇ ಗುಂಯ್‌ಗುಡುವಿಕೆಯಂತೆ ಕೇಳುತ್ತದೆ. ನೀರೊಳಗಿನ ಎಂಜಿನ್ ಗದ್ದಲ, ಹೂಳೆತ್ತುವ ಯಂತ್ರದ ಸದ್ದು ಇವಕ್ಕೆ ಯಾಕೆ ತೊಂದರೆ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ನಮಗೆ ಕಣ್ಣಿಗೆ ಹೊಗೆ ತುಂಬಿದರೆ ಆಗುವ ಕಷ್ಟವೇ ಅವಕ್ಕೆ ಸದ್ದಿನಿಂದ ಆಗುವುದು.

ಇಷ್ಟು ಚುರುಕು ಇದ್ದೂ ಬಲೆಗೆ ಬೀಳುವುದು ಯಾಕೆ?

ಡಾಲ್ಫಿನ್‌ಗಳ ದೊಡ್ಡ ಶತ್ರು ಇವತ್ತಿಗೆ ಬೇಟೆಗಾರನಲ್ಲ. ಬೇರೆ ಮೀನಿಗೆಂದು ಹಾಕಿದ ಬಲೆ. ಅದರಲ್ಲೂ ಗಿಲ್‌ನೆಟ್. ನೀರಿನಲ್ಲಿ ಪರದೆಯ ಹಾಗೆ ಇಳಿಬಿಡುವ ಬಲೆ ಇದು. ಮೀನಿನ ತಲೆ ಕಣ್ಣಿಯೊಳಗೆ ಹೋಗುತ್ತದೆ, ಹಿಂದೆ ಬರಲು ನೋಡಿದರೆ ಕಿವಿರು ಸಿಕ್ಕಿಕೊಳ್ಳುತ್ತದೆ. ಮೀನಿಗೆ ಕಾಣಬಾರದು ಅಂತಲೇ ತೆಳು ನೈಲಾನ್ ನೂಲಿನಲ್ಲಿ ಮಾಡಿರುತ್ತಾರೆ. ಅಷ್ಟು ತೆಳುವಾದ ನೂಲು ಸದ್ದನ್ನೂ ಗಟ್ಟಿಯಾಗಿ ಹಿಂದಕ್ಕೆ ಕಳಿಸುವುದಿಲ್ಲ. ಬಲೆಯಲ್ಲಿ ಸಿಕ್ಕ ಮೀನು ಮಾತ್ರ ಚೆನ್ನಾಗಿ ‘ಕಾಣುತ್ತದೆ’. ಇದಲ್ಲದೆ ಡಾಲ್ಫಿನ್ ಸದಾ ಟಿಕ್ ಟಿಕ್ ಅನ್ನುತ್ತಲೂ ಇರುವುದಿಲ್ಲ. ಸುಮ್ಮನೆ ಈಜುವಾಗ, ಅರ್ಧ ನಿದ್ದೆಯಲ್ಲಿರುವಾಗ ಎದುರಿಗಿರುವುದು ಗೊತ್ತಾಗದೆ ಹೋಗಬಹುದು.

ಸಿಕ್ಕಿಕೊಂಡ ಮೇಲೆ ಸಮಯ ಇಲ್ಲ. ಹಂಪ್‌ಬ್ಯಾಕ್ ಸಾಮಾನ್ಯವಾಗಿ ಒಂದೆರಡು ನಿಮಿಷಕ್ಕೊಮ್ಮೆ ಮೇಲೆ ಬರುತ್ತದೆ, ಹೆಚ್ಚೆಂದರೆ ಐದು ನಿಮಿಷ ತಡೆಯುತ್ತದೆ. ರಾತ್ರಿ ಬಿಟ್ಟ ಬಲೆ ಎಳೆಯುವುದು ಗಂಟೆಗಳಾದ ಮೇಲೆ. ಕಡಲಲ್ಲೇ ಇರುವ ಪ್ರಾಣಿ ಉಸಿರು ಸಿಗದೆ ಸಾಯುತ್ತದೆ. ಸಿಎಂಎಫ್‌ಆರ್‌ಐ, ಅಂದರೆ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಚೆನ್ನೈ, ಕಾಕಿನಾಡ ಮತ್ತು ಮಂಗಳೂರಿನಲ್ಲಿ ದಕ್ಕೆಗೆ ಬಂದ ಬೋಟುಗಳನ್ನು ಗಮನಿಸಿ 2009ರಲ್ಲಿ ವರದಿ ಪ್ರಕಟಿಸಿದ್ದರು. ಆಗ ದಾಖಲಾದದ್ದೂ ಗಿಲ್‌ನೆಟ್‌ಗೆ ಸಿಕ್ಕಿ ಸತ್ತವುಗಳೇ.

ಮೀನುಗಾರರ ಕಡೆಯ ಮಾತನ್ನೂ ಕೇಳಬೇಕು. ಡಾಲ್ಫಿನ್ ಬಲೆಗೆ ಬಿದ್ದರೆ ಅವರಿಗೆ ಲಾಭ ಏನೂ ಇಲ್ಲ, ನಷ್ಟವೇ. ಬಲೆ ಹರಿಯುತ್ತದೆ, ಆ ದಿನದ ದುಡಿಮೆ ಹೋಗುತ್ತದೆ. ಬಲೆಯಲ್ಲಿ ಸಿಕ್ಕ ಮೀನನ್ನು ಡಾಲ್ಫಿನ್ ಕಿತ್ತು ತಿನ್ನುವುದೂ ಇದೆ. ಪಕ್ಕದ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ನಡೆದ ಅಧ್ಯಯನಗಳಲ್ಲಿ ಮೀನುಗಾರರು ಹೇಳಿದ ದೊಡ್ಡ ದೂರು ಇದೇ. ಎರಡೂ ಕಡೆಯವರು ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ಮೀನಿಗೆ ಕಾಯುವಾಗ ಹೀಗಾಗದೆ ಇರುತ್ತದೆಯೇ? ಬಲೆಗೆ ಕಟ್ಟುವ, ಸದ್ದು ಮಾಡಿ ಎಚ್ಚರಿಸುವ ಸಣ್ಣ ಯಂತ್ರಗಳು ಬಂದಿವೆ. ತಣ್ಣನೆ ದೇಶಗಳ ಪಾರ್ಪಾಯಿಸ್‌ಗಳ ವಿಷಯದಲ್ಲಿ ಅವು ಚೆನ್ನಾಗಿ ಕೆಲಸ ಮಾಡಿವೆ. ಡಾಲ್ಫಿನ್‌ಗಳ ವಿಷಯದಲ್ಲಿ ಫಲಿತಾಂಶ ಒಂದೇ ಥರ ಇಲ್ಲ.

ಒಂದೆರಡು ಸತ್ತರೆ ಏನು?

ಬೂತಾಯಿ ಒಂದು ಸಲಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಹೆಣ್ಣು ಹಂಪ್‌ಬ್ಯಾಕ್ ಮರಿ ಹಾಕಲು ಶುರು ಮಾಡುವುದೇ ಸುಮಾರು ಹತ್ತು ವರ್ಷಕ್ಕೆ. ಬಸಿರು ಹತ್ತರಿಂದ ಹನ್ನೆರಡು ತಿಂಗಳು. ಹುಟ್ಟುವುದು ಒಂದೇ ಮರಿ, ಸುಮಾರು ಒಂದು ಮೀಟರ್ ಉದ್ದದ್ದು. ಇನ್ನೊಂದು ಮರಿಗೆ ಹೆಚ್ಚುಕಮ್ಮಿ ಮೂರು ವರ್ಷ ಅಂತರ.

ಲೆಕ್ಕಕ್ಕೆ ಅಂತ ಒಂದು ಕಡೆ ಐವತ್ತು ಡಾಲ್ಫಿನ್ ಇವೆ ಅಂದುಕೊಳ್ಳೋಣ. ಅದರಲ್ಲಿ ಮರಿ ಹಾಕುವ ಹೆಣ್ಣು ಹದಿನೈದು. ಮೂರು ವರ್ಷಕ್ಕೊಂದರಂತೆ ವರ್ಷಕ್ಕೆ ಐದು ಮರಿ. ಅದರಲ್ಲಿ ಒಂದೆರಡು ದೊಡ್ಡದಾಗುವ ಮೊದಲೇ ಸಾಯುತ್ತವೆ. ವಯಸ್ಸಾಗಿ ಸಾಯುವ ಒಂದೆರಡನ್ನು ಕಳೆಯಿರಿ. ಕೈಗೆ ಉಳಿದದ್ದು ಎರಡರ ಆಸುಪಾಸು. ವರ್ಷಕ್ಕೆ ಎರಡು ಬಲೆಗೆ ಹೋದರೆ ಏರಿಕೆ ನಿಂತಿತು. ಮೂರು ಹೋದರೆ ಇಳಿಕೆ ಶುರು. ಹೋದದ್ದು ಹೆಣ್ಣಾಗಿದ್ದರೆ ಅದರ ಮುಂದಿನ ಮರಿಗಳೂ ಹೋದವು.

ಕೊಳಕು ನೀರಿನ ಸಮಸ್ಯೆ ಬೇರೆ ಇದೆ. ನದಿಯಲ್ಲಿ ಬರುವ ಕೆಲವು ರಾಸಾಯನಿಕಗಳು ಡಾಲ್ಫಿನ್‌ನ ಕೊಬ್ಬಿನಲ್ಲಿ ವರ್ಷಗಟ್ಟಲೆ ಶೇಖರವಾಗುತ್ತವೆ. ತಾಯಿಯ ಹಾಲಿನ ಮೂಲಕ ಅದರಲ್ಲಿ ದೊಡ್ಡ ಪಾಲು ಹೋಗುವುದು ಮೊದಲ ಮರಿಗೆ.

ದಡಕ್ಕೆ ಬಿದ್ದದ್ದು ಏನು ಹೇಳುತ್ತದೆ?

ಸತ್ತ ಡಾಲ್ಫಿನ್ ಮೊದಲು ಮುಳುಗುವುದೇ ಹೆಚ್ಚು. ಒಳಗೆ ಗ್ಯಾಸ್ ತುಂಬಿದ ಮೇಲೆ ಉಬ್ಬಿ ತೇಲುತ್ತದೆ. ಮುಂಗಾರಿನಲ್ಲಿ ಗಾಳಿ, ಅಲೆ ಎರಡೂ ದಡದ ಕಡೆಗೇ ತಳ್ಳುವುದರಿಂದ ಮಳೆಗಾಲದಲ್ಲಿ ಇಂಥ ಸುದ್ದಿ ಜಾಸ್ತಿ. ಬೇಸಿಗೆಯಲ್ಲಿ ಸತ್ತದ್ದು ಕಡಲಲ್ಲೇ ಮುಗಿದು ಹೋಗಿರಬಹುದು. ಮೆಕ್ಸಿಕೋ ಕೊಲ್ಲಿಯ ಬಗ್ಗೆ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಅಲ್ಲಿ ಸತ್ತ ತಿಮಿಂಗಿಲ, ಡಾಲ್ಫಿನ್‌ಗಳಲ್ಲಿ ಜನರ ಕೈಗೆ ಸಿಕ್ಕಿದ್ದು ಸರಾಸರಿ ನೂರಕ್ಕೆ ಎರಡು. ಆ ಲೆಕ್ಕವನ್ನು ಹಾಗೇ ಇಲ್ಲಿಗೆ ತರುವಂತಿಲ್ಲ. ಆದರೆ ದಡಕ್ಕೆ ಬಂದದ್ದು ಸತ್ತವುಗಳ ಸಣ್ಣ ಪಾಲು ಅನ್ನುವುದು ಎಲ್ಲ ಕಡೆಗೂ ನಿಜ.

ಹೆಣ ಹಳತಾಗಿರದಿದ್ದರೆ ಸಾವಿನ ಕಾರಣ ಚರ್ಮದ ಮೇಲೇ ಬರೆದಿರುತ್ತದೆ. ಬಾಯಿಯ ಅಂಚು, ಎದೆ ರೆಕ್ಕೆಯ ಮುಂಭಾಗ, ಬಾಲದ ಬುಡ, ಈ ಮೂರು ಕಡೆ ನೂಲಿನಷ್ಟು ತೆಳುವಾದ ಗೀರು ಅಥವಾ ಕಚ್ಚು ಇದ್ದರೆ ಬಲೆ. ಬೆನ್ನ ಮೇಲೆ ಸಾಲಾಗಿ ಒಂದೇ ಅಂತರದ ಸೀಳುಗಳಿದ್ದರೆ ಬೋಟಿನ ಫ್ಯಾನ್. ಏನೂ ಇಲ್ಲದಿದ್ದರೆ ಒಳಗೆ ನೋಡಬೇಕು. ಹಾಗಾಗಿ ವಾಸನೆ ಬರುತ್ತದೆ ಅಂತ ಕೂಡಲೇ ಜೆಸಿಬಿ ಕರೆಸಿ ಹೂತುಬಿಟ್ಟರೆ ಆ ಮಾಹಿತಿಯೂ ಹೂತುಹೋಗುತ್ತದೆ. ಬರಿಗೈಯಲ್ಲಿ ಮುಟ್ಟಬಾರದು, ಮನುಷ್ಯರಿಗೆ ಅಂಟುವ ಸೋಂಕು ಇರಬಹುದು. ಅರಣ್ಯ ಇಲಾಖೆಗೆ ತಿಳಿಸಬೇಕು. ತುರ್ತಿಗೆ 112 ಇದೆ. ಎಲ್ಲ ಡಾಲ್ಫಿನ್, ಪಾರ್ಪಾಯಿಸ್, ತಿಮಿಂಗಿಲಗಳೂ 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ಹಲ್ಲು, ಮಾಂಸ ಕತ್ತರಿಸಿ ಒಯ್ಯುವುದೂ ಅಪರಾಧ.

ಜೀವ ಇದ್ದರೆ ಎಲ್ಲರಿಗೂ ತೋಚುವುದು ಬಾಲ ಹಿಡಿದು ನೀರಿಗೆ ಎಳೆಯುವುದು. ಅದು ಬೇಡ. ಬಾಲದ ಬೆನ್ನುಮೂಳೆ, ಎದೆ ರೆಕ್ಕೆಯ ಕೀಲು ಎರಡೂ ಸುಲಭವಾಗಿ ಪೆಟ್ಟಾಗುತ್ತವೆ. ನೆತ್ತಿಯ ತೂತಿಗೆ ನೀರು, ಮರಳು ಹೋಗದಂತೆ ನೋಡಿಕೊಂಡು, ಉಳಿದ ಮೈಮೇಲೆ ಒದ್ದೆ ಬಟ್ಟೆ ಹೊದಿಸಿ, ನೆರಳು ಮಾಡಿ, ಜನರನ್ನು ದೂರ ಇಡಬೇಕು. ಸೆಲ್ಫಿಗೆ ಮುತ್ತುವ ಗುಂಪಿನ ಗಲಾಟೆಯೇ ಎಷ್ಟೋ ಸಲ ಅದರ ಗಾಬರಿ ಹೆಚ್ಚಿಸುತ್ತದೆ.

ಅಮೆರಿಕಕ್ಕೂ ಮಲ್ಪೆಗೂ ಏನು ಸಂಬಂಧ?

ಮೀನು ರಫ್ತು ಮಾಡುವವರ ಬಾಯಲ್ಲಿ ಈಚೆಗೆ ಡಾಲ್ಫಿನ್ ಮಾತು ಬರುವುದಕ್ಕೆ ಕಾರಣ ಅಮೆರಿಕದ ಒಂದು ಕಾನೂನು. ತಿಮಿಂಗಿಲ, ಡಾಲ್ಫಿನ್‌ಗಳ ರಕ್ಷಣೆಗೆ ಅಲ್ಲಿ 1972ರಲ್ಲೇ ಕಾಯ್ದೆ ಬಂತು. 2016ರಲ್ಲಿ ಅದಕ್ಕೊಂದು ನಿಯಮ ಸೇರಿಸಿದರು. ಹೊರದೇಶದ ಮೀನು ಅಲ್ಲಿಗೆ ಬರಬೇಕಾದರೆ, ಅದನ್ನು ಹಿಡಿಯುವಾಗ ಇಂಥ ಪ್ರಾಣಿಗಳು ಸಾಯದಂತೆ ಅಮೆರಿಕದ ಮಟ್ಟಕ್ಕೆ ಸಮನಾದ ಕ್ರಮ ಆ ದೇಶದಲ್ಲಿ ಇರಬೇಕು. ಇದು ಪೂರ್ತಿ ಜಾರಿಗೆ ಬರುವ ದಿನವನ್ನು ಮುಂದೂಡುತ್ತಾ ಬಂದು ಕೊನೆಗೆ 2026ರ ಜನವರಿ 1 ಅಂತ ನಿಗದಿ ಮಾಡಿದರು.

ಕ್ರಮ ಇದೆ ಅಂತ ಬಾಯಲ್ಲಿ ಹೇಳಿದರೆ ಸಾಲದು. ನಿಮ್ಮ ಕಡಲಲ್ಲಿ ಎಷ್ಟಿವೆ, ವರ್ಷಕ್ಕೆ ಎಷ್ಟು ಬಲೆಗೆ ಬೀಳುತ್ತವೆ ಅಂತ ಅಂಕಿ ಕೊಡಬೇಕು. ಅದಕ್ಕಾಗಿಯೇ ಸಿಎಂಎಫ್‌ಆರ್‌ಐ, ಭಾರತೀಯ ಮೀನುಗಾರಿಕಾ ಸರ್ವೇಕ್ಷಣಾ ಸಂಸ್ಥೆ ಮತ್ತು ಕಡಲ ಉತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ ಸೇರಿ ನಮ್ಮ ಕಡಲಿನ ಡಾಲ್ಫಿನ್, ತಿಮಿಂಗಿಲಗಳ ಸಮೀಕ್ಷೆಗೆ ಇಳಿದದ್ದು. ಕೇಂದ್ರ ಸರ್ಕಾರ 2020ರಲ್ಲಿ ಘೋಷಿಸಿದ ಪ್ರಾಜೆಕ್ಟ್ ಡಾಲ್ಫಿನ್‌ನಲ್ಲೂ ನದಿಯ ಜೊತೆ ಕಡಲಿನ ಡಾಲ್ಫಿನ್‌ಗಳಿಗೆ ಜಾಗ ಇದೆ.

ಬೋಟಿನಿಂದ ನೋಡುವಾಗ

ಗೋವಾದಲ್ಲಿ ‘ಡಾಲ್ಫಿನ್ ಟ್ರಿಪ್’ ಹೋದವರಿಗೆ ಗೊತ್ತಿರುತ್ತದೆ, ಒಂದು ರೆಕ್ಕೆ ಕಂಡರೆ ಹತ್ತು ಬೋಟು ಅದರ ಹಿಂದೆ. ಡಾಲ್ಫಿನ್ ಮೇಲೆ ಬಂದು ಉಸಿರಾಡುವ ಹೊತ್ತನ್ನೇ ಕಮ್ಮಿ ಮಾಡಿ ದಿಕ್ಕು ಬದಲಿಸುತ್ತದೆ, ಬೇಟೆ ಅರ್ಧಕ್ಕೆ ನಿಲ್ಲುತ್ತದೆ, ಮರಿ ಇದ್ದರೆ ತಾಯಿ ಇನ್ನೂ ಬೇಗ ದೂರ ಹೋಗುತ್ತದೆ. ಬೋಟು ಓಡಿಸುವವರಿಗೆ ಮಾಡಲು ಕಷ್ಟವಾದ ಕೆಲಸ ಏನೂ ಇಲ್ಲ. ವೇಗ ಇಳಿಸಿ, ಪಕ್ಕದಿಂದ, ಅವು ಹೋಗುವ ದಿಕ್ಕಿಗೇ ಸಮಾನಾಂತರವಾಗಿ ಹೋಗಬೇಕು. ಎದುರಿನಿಂದ ಅಡ್ಡ ಹಾಕಬಾರದು, ಗುಂಪಿನ ನಡುವೆ ನುಗ್ಗಬಾರದು. ಐವತ್ತು–ನೂರು ಮೀಟರ್ ದೂರದಲ್ಲಿ ಎಂಜಿನ್ ನ್ಯೂಟ್ರಲ್‌ಗೆ ಹಾಕಿ ನಿಂತರೆ ಅವು ಇಷ್ಟವಿದ್ದರೆ ತಾವೇ ಹತ್ತಿರ ಬರುತ್ತವೆ.

ಫೋಟೋ ತೆಗೆಯುವುದಾದರೆ ಹಾರುವುದನ್ನೇ ಕಾಯಬೇಡಿ, ಹಂಪ್‌ಬ್ಯಾಕ್ ಹಾರುವುದೂ ಅಪರೂಪ. ರೆಕ್ಕೆ ಪಕ್ಕದಿಂದ ಪೂರ್ತಿ ಕಾಣುವ ಒಂದು ಚಿತ್ರ ಸಿಕ್ಕಿದರೆ ಅದೇ ಬಂಗಾರ. ಜೊತೆಗೆ ತಾರೀಕು, ಹೊತ್ತು, ಜಾಗ ಮತ್ತು ಎಷ್ಟು ಇದ್ದವು ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಜಾಗ ತಾನಾಗಿ ದಾಖಲಾಗುತ್ತದೆ. ಆದರೆ ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೋ ಥರ ಕಳಿಸಿದರೆ ಆ ವಿವರ ಅಳಿಸಿಹೋಗುತ್ತದೆ, ಚಿತ್ರವೂ ಮಸುಕಾಗುತ್ತದೆ. ಸಂಶೋಧಕರಿಗೋ ಅರಣ್ಯ ಇಲಾಖೆಗೋ ಕೊಡುವುದಾದರೆ ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ.